ಅವ್ವ ಚಿಗವ್ವ ಆದ ಹಂಗಾಮು

ಮೊನ್ನೆ ಹುನಗುಂದದ ನಮ್ಮ ಓಣಿಯಲ್ಲಿ ಗೌಡರ ಮನೆಯವರು ಹಗೇವು ತೆಗೆದರು. ಈಗ ಹಗೇವು ಇಟ್ಟುಕೊಂಡವರು ಕಡಿಮೆ. ನೆಲದಲ್ಲಿ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ವರ್ಷಗಟ್ಟಲೆ ಮುಚ್ಚಿಟ್ಟ ಕಾಳಿಗೆ ಒಂದು ವಾಸನೆ ಇರುತ್ತದೆ. ಬೀಸಿ, ರೊಟ್ಟಿ ಬಡಿದು, ಹಂಚಿನ ಮೇಲೆ ಹಾಕಿದರೂ ಹೋಗದ ಮುಗ್ಗಲು ವಾಸನೆ. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ಗಾಳಿ ನಮ್ಮ ಕಡೆ ತಿರುಗಿತು. ಕಪ್ಪು ಕೆಳಗಿಟ್ಟೆ, ಮತ್ತೆ ಎತ್ತಿಕೊಳ್ಳಲಾಗಲಿಲ್ಲ.

ಮೊಮ್ಮಗಳು ಹೊರಗೆ ಬಂದು, “ಯಾಕ ಆಯಿ, ಎದಿ ನೋಯಾಕತ್ತತೇನು?” ಅಂದಳು.

“ಎದಿ ಅಲ್ಲ. ಆ ಜೋಳ,” ಅಂದೆ. ಅವಳಿಗೆ ತಿಳಿಯಲಿಲ್ಲ.

ಅದೇ ವಾರ ಓಣಿಯಲ್ಲಿ ಒಂದು ವಾದ ನಡೆದಿತ್ತು. ಸಾಲೆಯ ಮಕ್ಕಳಿಗೆ ಹಾಲು ಕೊಡಲು ಶುರು ಮಾಡಿದ್ದರು. ಇದ್ದವರ ಮಕ್ಕಳಿಗೆ ಯಾಕೆ, ಇಲ್ಲದವರಿಗಷ್ಟೇ ಸಾಕು ಅಂತ ಒಬ್ಬರು. ಇಲ್ಲದವರು ಅಂದರೆ ಯಾರು, ಅದನ್ನು ಯಾರು ನೋಡಿ ಹೇಳುವುದು ಅಂತ ಇನ್ನೊಬ್ಬರು. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಬಹಳ ವರ್ಷ ಅಕ್ಕೋರಾಗಿದ್ದವಳು ಅಂತ ನನ್ನ ಹತ್ತಿರವೂ ಬಂದು ಕೇಳಿದರು. ಯಾವ ಕೂಸಿಗೆ ಕೊಡಬೇಕು, ಯಾವ ಕೂಸಿಗೆ ಬೇಡ ಅನ್ನುವ ಮಾತು ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲೂ ನನ್ನ ಬಾಯಿ ಒಣಗುತ್ತದೆ. ಯಾಕೆ ಅನ್ನುವುದನ್ನು ಈಗ ಬರೆದಿಡುತ್ತೇನೆ.

ಇಪ್ಪತ್ತನೆಯ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ನನಗೆ ಒಂಬತ್ತೋ ಹತ್ತೋ ಇರಬೇಕು. ನಾವು ಬಾದಾಮಿಯ ನೇಕಾರರು. ಅಲ್ಲಿ ಕೆಲಸ ಸಾಲದೆ ಅಪ್ಪ ನಮ್ಮನ್ನು ಕರೆದುಕೊಂಡು ಇಳಕಲ್ಲಿಗೆ ಬಂದ. ಅಪ್ಪ, ಅವ್ವ ನೀಲವ್ವ, ನಾನು, ಆಗಿನ್ನೂ ಅಂಬೆಗಾಲಿಡುತ್ತಿದ್ದ ನನ್ನ ತಮ್ಮ ಈರಣ್ಣ. ಅಪ್ಪ ಬೇರೆಯವರ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ. ನಮ್ಮ ಬಾಡಿಗೆ ಕೋಣೆಯ ಪಕ್ಕದಲ್ಲೇ ಖಾಜಾಸಾಬರ ಬಣ್ಣದ ಅಂಗಳ. ರೇಷ್ಮೆ ನೂಲಿನ ಲಡಿಗಳನ್ನು ಅವರು ಕುದಿಯುವ ಹಂಡೆಯಲ್ಲಿ ಅದ್ದಿ ತೆಗೆದು ಹಗ್ಗಕ್ಕೆ ಹಾಕಿದರೆ ಅಂಗಳವೆಲ್ಲ ಕೆಂಪಾಗುತ್ತಿತ್ತು. ಅವರ ಹೆಂಡತಿ ಹುಸೇನಬಿ ಅವ್ವನಿಗೆ ಆ ಊರಿನಲ್ಲಿ ಸಿಕ್ಕ ಮೊದಲ ಗೆಳತಿ. ಅಪ್ಪ ನೇಯುತ್ತಿದ್ದ ಮನೆಯವರಿಗೂ ಅವನೊಬ್ಬನ ಗುರುತಷ್ಟೇ. ಬೇರೆ ಯಾರಿಗೂ ನಾವು ಯಾರು, ಎಲ್ಲಿಯವರು ಅಂತ ಗೊತ್ತಿರಲಿಲ್ಲ. ಮುಂದೆ ನಡೆದದ್ದಕ್ಕೆ ಅದೇ ದಾರಿ ಮಾಡಿತು.

ದಸರೆ ಮುಗಿದ ಮೇಲೆ ಊರಲ್ಲಿ ಇಲಿ ಬೀಳತೊಡಗಿದವು. ಜಂತಿಯಿಂದ ಕೆಳಗೆ ಬೀಳುವುದು, ಗರಗರ ತಿರುಗುವುದು, ಸಾಯುವುದು. ಇಲಿ ಬಿತ್ತೆಂದರೆ ಪ್ಲೇಗು ಬಂತು ಅಂತಲೇ ಅರ್ಥ. ಜನ ಮನೆಗಳಿಗೆ ಕೀಲಿ ಹಾಕಿ, ಹಳ್ಳದಾಚೆ ಹೊಲಗಳಲ್ಲಿ ಜೋಪಡಿ ಹಾಕಿಕೊಂಡರು. ನಾವೂ ನಾಲ್ಕು ಗಳ, ಒಂದಿಷ್ಟು ಜೋಳದ ದಂಟಿನ ಕಣಿಕೆ ಕಟ್ಟಿಕೊಂಡು ಹೋದೆವು. ಖಾಜಾಸಾಬರ ಜೋಪಡಿ ನಮ್ಮದಕ್ಕೆ ಹತ್ತಿಕೊಂಡೇ ಇತ್ತು. ಬೆಳಿಗ್ಗೆ ಜೋಳದ ಗರಿಯ ಮೇಲೆ ಇಬ್ಬನಿ ಕೂತು ಹೊಲವೆಲ್ಲ ಬೆಳ್ಳಗೆ ಕಾಣುತ್ತಿತ್ತು. ಎಲ್ಲ ಜೋಪಡಿಗಳ ಮುಂದೆ ಬೇವಿನ ಹಸಿ ತೊಪ್ಪಲು ಸುಡುತ್ತಿದ್ದರು. ಮಕ್ಕಳಿಗೆ ಅದೊಂದು ಆಟದ ಹಾಗೆ ಇತ್ತು. ಸಾಲೆ ಇಲ್ಲ, ಮನೆ ಇಲ್ಲ, ಎಲ್ಲರೂ ಬಯಲಲ್ಲೇ.

ಅಪ್ಪ ಒಂದು ಮುಂಜಾನೆ ತೊಡೆಸಂದಿಯಲ್ಲಿ ಗಂಟಾಗಿದೆ ಅಂದ. ಮರುದಿನ ಅವನಿಗೆ ನನ್ನ ಗುರುತು ಹತ್ತಲಿಲ್ಲ. ಅದರ ಮರುದಿನ ಅವನಿರಲಿಲ್ಲ. ಹೆಗಲು ಕೊಡಲು ನಮ್ಮವರು ಯಾರೂ ಹತ್ತಿರ ಬರಲಿಲ್ಲ. ಖಾಜಾಸಾಬರು ತಮ್ಮ ಅಂಗಳದ ಮೂವರು ಆಳುಗಳನ್ನು ಕರೆತಂದು ಅಪ್ಪನನ್ನು ಎತ್ತಿಸಿದರು. ಮಣ್ಣು ಮಾಡುವಾಗ ಅವರು ದೂರ ನಿಂತು, “ಮುಂದ ಏನು ಮಾಡಬೇಕೋ ನೀನ ಹೇಳವಾ ತಂಗಿ, ನನಗ ನಿಮ್ಮ ಪದ್ಧತಿ ಗೊತ್ತಿಲ್ಲ” ಅಂದದ್ದು ನೆನಪಿದೆ. ಅವ್ವನಿಗೂ ಗೊತ್ತಿರಲಿಲ್ಲ. ಅವಳಿಗೆ ಆಗ ಇಪ್ಪತ್ತೈದರ ಆಸುಪಾಸು.

ಮಗ್ಗಗಳು ಕೀಲಿ ಹಾಕಿದ ಮನೆಗಳ ಒಳಗೆ ಉಳಿದಿದ್ದವು. ನೇಯುವುದಿಲ್ಲ ಅಂದರೆ ನೂಲು ಸುತ್ತುವುದೂ ಇಲ್ಲ, ಬಣ್ಣ ಹಾಕುವುದೂ ಇಲ್ಲ. ಅವ್ವ ಹೊಲಗಳಲ್ಲಿ ಕೂಲಿ ಕೇಳಿದಳು. ಪ್ಲೇಗಿನ ಜೋಪಡಿಯಿಂದ ಬಂದವಳನ್ನು ಯಾರೂ ಹೊಲದೊಳಗೆ ಬಿಟ್ಟುಕೊಳ್ಳಲಿಲ್ಲ. ಹುಸೇನಬಿ ತನ್ನ ಮಕ್ಕಳ ಗಂಗಾಳದಿಂದ ನಮಗೆ ತೆಗೆದುಕೊಡುತ್ತಿದ್ದಳು. ಆ ಗಂಗಾಳವೂ ಬರಿದಾಗುತ್ತ ಬಂತು.

ಆಗ ಊರಿನ ಹಿರಿಯರು ಸೇರಿ, ಪ್ಲೇಗಿನಲ್ಲಿ ಸತ್ತವರ ಮಕ್ಕಳಿಗೆ ವಾರಕ್ಕೊಮ್ಮೆ ಜೋಳ ಕೊಡುವುದೆಂದು ಮಾತಾಡಿದರು. ಮುಂದಾಳು ವಿರುಪಣ್ಣ ಸಾವಕಾರರು. ಸೀರೆಯ ದೊಡ್ಡ ವ್ಯಾಪಾರಿ. ತಮ್ಮ ಹಗೇವು ತೆಗೆಸುತ್ತೇನೆ ಅಂತ ಅವರೇ ಮೊದಲು ಅಂದರು. ಅವರು ಕೆಟ್ಟವರಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಹಳ್ಳದ ದಂಡೆಯ ಬೇವಿನ ಮರದ ಕೆಳಗೆ ಪಂಚರು ಕೂತರು. ಬಣ್ಣದವರ ಪರವಾಗಿ ಖಾಜಾಸಾಬರೂ ಇದ್ದರು. ಸುತ್ತ ಗಂಡಸರು, ಅವರ ಹಿಂದೆ ಮಕ್ಕಳನ್ನು ಕಟ್ಟಿಕೊಂಡ ಹೆಂಗಸರು. ಯಾರಿಗೆ ಕೊಡಬೇಕು ಅಂತ ವಾದ ಶುರುವಾಯಿತು.

“ಇಳಕಲ್ಲಿನವರಿಗೆ ಅಷ್ಟ ಕೊಡೂದು. ಇಲ್ಲಂದ್ರ ನಾಳೆ ಹುನಗುಂದ, ಐಹೊಳಿ, ಎಲ್ಲಾ ಕಡಿಯಿಂದ ಬಂದು ಕೂಡತಾರ,” ಅಂತ ಒಬ್ಬರು.

“ನೇಕಾರರ ಮಕ್ಕಳಿಗೆ ಕೊಟ್ಟರ ಸಾಕು. ಸಾಬರಿಗೆ ಅವರ ಮಸೂತಿ ಐತಿ.”

ಖಾಜಾಸಾಬರು ಸಾವಕಾಶವಾಗಿ ಹೇಳಿದರು. “ನೀವು ನೇಯೂ ರೇಷ್ಮಿ ನಾವು ಅದ್ದಿದ್ದರಿ. ಅದ್ದಿದವರಾಗೂ ಸತ್ತಾರ. ಅವರ ಮಕ್ಕಳು ಇಲ್ಲೇ ಕುಂತಾವ, ನೋಡ್ರಿ.”

ಇನ್ನೊಬ್ಬರು ಹೆಣ್ಣುಮಕ್ಕಳಿಗೆ ಅರ್ಧ ಪಾಲು ಸಾಕು ಅಂದರು. ಉಡಿಕೆಯಾಗಿ ಎರಡನೇ ಗಂಡನ ಮನೆ ಸೇರಿದವಳ ಮಕ್ಕಳಿಗೆ ಬೇಡ ಅಂದರು ಮತ್ತೊಬ್ಬರು. ಕಾಳನ್ನು ಯಾರ ಕೈಯಲ್ಲಿ ಕೊಡುವುದು ಅನ್ನುವಲ್ಲಿ ಬಾಯಿ ಜೋರಾಯಿತು. ಹೆಂಗಸರ ಕೈಗೆ ಕೊಟ್ಟರೆ ಮಾರಿಕೊಳ್ಳುತ್ತಾರೆ, ಗಂಡಸರ ಕೈಗೆ ಕೊಟ್ಟರೆ ಕುಡಿಯಲು ಸೆರೆ ಅಂಗಡಿಗೆ ಹೋಗುತ್ತದೆ, ಬೇಯಿಸಿಯೇ ಹಾಕಿದರೆ ಜಾತಿ ಕೆಡುತ್ತದೆ. ನಾನು ಅವ್ವನ ಮಗ್ಗುಲಲ್ಲಿ ಕೂತು ಕೇಳುತ್ತಿದ್ದೆ. ನಮ್ಮ ಬಗ್ಗೆ ಇಷ್ಟು ಜನ ಮಾತಾಡುತ್ತಿದ್ದಾರಲ್ಲ ಅಂತ ಮೊದಮೊದಲು ಹೆಮ್ಮೆಯೂ ಅನಿಸಿತು.

ಕೊನೆಗೆ ಸಾವಕಾರರು ಕೈ ಎತ್ತಿದರು. “ಹಗೇದಾಗಿನ ಕಾಳು ಎಲ್ಲಾರಿಗೂ ಮುಟ್ಟೂದಿಲ್ಲ. ತಾಯಿ ಇದ್ದ ಕೂಸಿಗೆ ತಾಯಿ ಹೆಂಗರ ಮಾಡಿ ಹಾಕತಾಳ. ತಾನು ಬಿಟ್ಟು ಹಾಕತಾಳ. ಮಂದಿ ಕೂಸಿಗೆ ಯಾರು ಹಾಕ್ಯಾರು? ಅದಕ್ಕ ತಾಯಿ ತಂದಿ ಇಬ್ಬರೂ ಇಲ್ಲದವಕ್ಕ ಅಷ್ಟ. ಜಾತಿ ನೋಡೂದು ಬ್ಯಾಡ. ಸಾಕಿಕೊಂಡವರು ಯಾರದಾರ, ಅವರ ಕೈಯಾಗ ಕೊಡ್ರಿ.”

ಎಲ್ಲರೂ ತಲೆಯಾಡಿಸಿದರು. ನ್ಯಾಯದ ಮಾತು ಅನಿಸಿತು. ಇಂದಿಗೂ, ಕಾಗದದ ಮೇಲೆ ಬರೆದರೆ, ನ್ಯಾಯದ ಮಾತೇ ಅನಿಸುತ್ತದೆ.

ತಾಯಿ ತಂದೆ ಇಬ್ಬರೂ ಇಲ್ಲದ ಮಕ್ಕಳನ್ನು ಮುಂದೆ ತರಲು ಹೇಳಿದರು. ಮಕ್ಕಳ ಕೈ ಹಿಡಿದುಕೊಂಡು ಒಬ್ಬಳು ಅಜ್ಜಿ, ಒಬ್ಬಳು ದೊಡ್ಡವ್ವ, ಒಬ್ಬಳು ಸೋದರತ್ತೆ ಎದ್ದು ಹೋದರು. ನಾವು ಮನೆಗೆ ಹೋಗುತ್ತೇವೆ ಅಂದುಕೊಂಡು ನಾನು ಎದ್ದೆ. ಅವ್ವ ನನ್ನ ರಟ್ಟೆ ಹಿಡಿದುಕೊಂಡು, ಈರಣ್ಣನನ್ನು ಬಗಲಿಗೆ ಎತ್ತಿಕೊಂಡು, ಪಂಚರ ಮುಂದೆ ನಡೆದಳು.

“ಯಾರ ಮಕ್ಕಳವಾ ಇವು?” ಅಂದರು ಸಾವಕಾರರು.

“ನಮ್ಮಕ್ಕನವು,” ಅಂದಳು ಅವ್ವ. “ಅಕ್ಕ ಬಾದಾಮ್ಯಾಗ ಹ್ವಾದ ವರ್ಷ ತೀರಿಕೊಂಡಳ್ರಿ. ಭಾವ ಇಲ್ಲೇ ಮೊನ್ನೆ ಹ್ವಾದ. ನನ್ನ ಗಂಡ ಮೊದಲ ಹ್ವಾಗ್ಯಾನ. ನಾ ಇವಕ್ಕ ಚಿಗವ್ವ ಆಗಬೇಕ್ರಿ.”

ಒಂದು ಮಾತೂ ತೊದಲಲಿಲ್ಲ. ನನ್ನ ರಟ್ಟೆ ಹಿಡಿದ ಬೆರಳು ಮಾತ್ರ ಉಗುರು ಮುರಿಯುವ ಹಾಗೆ ಒತ್ತುತ್ತಿತ್ತು. ನಾನು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ನನ್ನ ಅವ್ವ ಸತ್ತಿದ್ದಾಳೆ ಅಂತ ನನ್ನ ಅವ್ವನೇ ಹೇಳುತ್ತಿದ್ದಳು. ಅಪ್ಪ ಸತ್ತಾಗ ನಾನು ಅತ್ತಿದ್ದೆ. ಆ ಹೊತ್ತು ಅಳು ಬರಲಿಲ್ಲ. ಪಂಚರ ಸಾಲಿನಲ್ಲಿ ಗುರುತಿನ ಮುಖವೊಂದನ್ನು ಹುಡುಕಿದೆ. ಖಾಜಾಸಾಬರು ಇದ್ದರು. ನಮ್ಮ ಅಪ್ಪನನ್ನು ಎತ್ತಿಸಿದವರು. ಅವ್ವನನ್ನೂ ನಮ್ಮನ್ನೂ ಬಲ್ಲವರು ಅಲ್ಲಿ ಅವರೊಬ್ಬರೇ. ಅವರು ಅವ್ವನ ಕಡೆ ಒಮ್ಮೆ ನೋಡಿದರು. ಆಮೇಲೆ ತಮ್ಮ ಕೆಂಪು ಹತ್ತಿದ ಅಂಗೈಗಳನ್ನು ನೋಡುತ್ತ ಕೂತುಬಿಟ್ಟರು.

ಜೋಳ ಅಳೆದು ಅವ್ವನ ಸೆರಗಿಗೆ ಹಾಕಿದರು. ಮುಗ್ಗಲು ವಾಸನೆ ಆಗಲೇ ಮೂಗಿಗೆ ಬಡಿದದ್ದು.

ಜೋಪಡಿಗೆ ಬಂದು ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡಳು. “ಇನ್ನ ಮ್ಯಾಲ ನನಗ ಅವ್ವ ಅನಬ್ಯಾಡ ಗಂಗೀ. ಹೊರಗ ಅನಬ್ಯಾಡ, ಒಳಗ ಅನಬ್ಯಾಡ. ಈ ಗ್ವಾಡಿ ಕಣಿಕೀದು, ಎಲ್ಲಾರಿಗೂ ಕೇಳತೈತಿ. ಚಿಗವ್ವ ಅನ್ನು.”

“ಎಲ್ಲೀತನಾ?”

“ಕಾಳು ಕೊಡೂತನಾ.”

ನಾನು ಹ್ಞೂಂ ಅಂದೆ. ಹಿಟ್ಟು ಬೀಸಿ ಅವಳು ರೊಟ್ಟಿ ಮಾಡಿದಳು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬಿತು. ತಿನ್ನುವಾಗ ಅವಳನ್ನು ನೀರು ಕೇಳಬೇಕಾಗಿತ್ತು, ಕೇಳಲಿಲ್ಲ. ಹೆಸರಿಡದೆ ಕರೆಯುವುದು ಹೇಗೆ ಅಂತ ಕಲಿಯಲು ನನಗೆ ಕೆಲವು ದಿನ ಹಿಡಿದವು. ಅಲ್ಲಿಯವರೆಗೆ ಸುಮ್ಮನೆ ಸೆರಗು ಎಳೆಯುತ್ತಿದ್ದೆ.

ಈರಣ್ಣನದು ಬೇರೆ. ಅವನಿಗೆ ಆಗ ಮಾತು ಬರುವ ಕಾಲ. ಅದುವರೆಗೂ ಅವ್ವಾ ಅನ್ನುತ್ತಿದ್ದ. ಅವನು ಅಂದಾಗಲೆಲ್ಲ ಅವ್ವ, “ಚಿಗವ್ವ ಅನ್ನಪ್ಪಾ, ಚಿ-ಗ-ವ್ವ” ಅಂತ ತಿದ್ದುತ್ತಿದ್ದಳು. ಅವನು ತಿದ್ದಿಕೊಂಡು ಅಂದಾಗ ಮುದ್ದು ಕೊಡುತ್ತಿದ್ದಳು. ಒಂದು ದಿನ ಅವನು ಎಡವಿ ಬಿದ್ದು, ಮೊಣಕಾಲಿನಲ್ಲಿ ರಕ್ತ ಬಂದು, “ಚಿಗವ್ವಾ” ಅಂತ ಅಳುತ್ತ ಬಂದ. ನೋವಿನಲ್ಲೂ ಬೇರೆ ಮಾತು ಬರಲಿಲ್ಲ ಅವನಿಗೆ. ಅವ್ವ ಅವನನ್ನು ಎತ್ತಿಕೊಂಡು ಹುಸೇನಬಿಯ ಜೋಪಡಿಗೆ ಹೋದಳು. ಅಲ್ಲಿ ಅವಳು ಅಳುವುದು ನನಗೆ ಕೇಳಿಸಿತು. ಕಣಿಕೆಯ ಗೋಡೆ.

ಚಳಿ ಸರಿದು ಸುಗ್ಗಿಯ ಗಾಳಿ ಬೀಸಲು ಹತ್ತಿದಾಗ ರೋಗದ ಜೋರು ಇಳಿಯಿತು. ಹಗೇವೂ ಇಳಿಯುತ್ತಿತ್ತು. ಆಗ ಪಂಚರಿಗೆ ಇನ್ನೊಂದು ವಿಚಾರ ಹೊಳೆಯಿತು. ಹೇಗೂ ತಾಯಿ ತಂದೆ ಇಲ್ಲದ ಮಕ್ಕಳು. ಮಕ್ಕಳಿಲ್ಲದ ಒಳ್ಳೆಯ ಮನೆಗಳು ಸುತ್ತಲ ಊರುಗಳಲ್ಲಿ ಇರುತ್ತವೆ. ಅಂಥ ಮನೆಗೆ ಸೇರಿಸಿದರೆ ಕೂಸಿಗೂ ನೆಲೆ, ಹಗೇವಿಗೂ ಒಂದು ಬಾಯಿ ಕಡಿಮೆ. ಸಾವಕಾರರು ತಮ್ಮ ವ್ಯಾಪಾರದ ಗುರುತಿನವರಿಗೆಲ್ಲ ಹೇಳಿ ಕಳಿಸಿದರು.

ಮೊದಲು ಹೋದವಳು ಕಾಶಿ. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ನನ್ನ ಜೊತೆ ಹಳ್ಳದಲ್ಲಿ ಉಸುಕಿನ ಮನೆ ಕಟ್ಟುತ್ತಿದ್ದವಳು. ಅವಳನ್ನೂ ಅವಳ ಕೈಗೂಸು ತಮ್ಮನನ್ನೂ ಸಾಕಿಕೊಂಡಿದ್ದವಳು ಸೋದರತ್ತೆ ಹನಮವ್ವ. ಬಾದಾಮಿ ಕಡೆಯಿಂದ ಒಂದು ಬಂಡಿ ಬಂತು. ಬಂದವರು ಹೆಣ್ಣುಕೂಸೇ ಬೇಕು ಅಂದಿದ್ದರಂತೆ. ಕಾಶಿಗೆ ಹೊಸ ಪರಕಾರ ತೊಡಿಸಿ ಬಂಡಿ ಹತ್ತಿಸಿದರು. ಹನಮವ್ವ ಕೈಗೂಸನ್ನು ಎತ್ತಿಕೊಂಡು ನಿಂತಿದ್ದಳು. ಬಂಡಿ ಹೊರಟ ಮೇಲೆ ಹಿಂದೆ ಓಡಿಹೋಗಿ ಹುರಿಗಡಲೆ ಪುಟಾಣಿಯ ಗಂಟೊಂದನ್ನು ಕಾಶಿಯ ಕೈಯಲ್ಲಿ ಇಟ್ಟಳು. ಎಲ್ಲರೂ ಕಾಶಿಯ ದೈವ ದೊಡ್ಡದು ಅಂದರು. ನನಗೂ ಹಾಗೇ ಅನಿಸಿ ಹೊಟ್ಟೆಕಿಚ್ಚಾಯಿತು. ಆಮೇಲೆ ಹನಮವ್ವ ಕಾಳು ಒಯ್ಯಲು ಬಂದಾಗ ಯಾರ ಜೊತೆಗೂ ಕೂರುತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಬಾಗಲಕೋಟೆಯಿಂದ ಗಂಡ ಹೆಂಡತಿ ಬಂದರು. ಅರಳೆಯ ವ್ಯಾಪಾರಸ್ಥರು, ನಮ್ಮ ಮಂದಿಯೇ. ಕಾಳು ಅಳೆಯುವ ದಿನವೇ ಬಂದದ್ದರಿಂದ ಎಲ್ಲರೂ ಬೇವಿನ ಮರದ ಕೆಳಗೆ ಸೇರಿದ್ದರು. ಗಂಡುಕೂಸು ಬೇಕಾಗಿತ್ತು ಅವರಿಗೆ. ಸಾವಕಾರರು ಈರಣ್ಣನನ್ನು ತೋರಿಸಿದರು. ಆ ಹೆಂಗಸು ಬಂಡಿಯಿಂದ ಇಳಿದು ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳ ಹತ್ತಿರ ಬೆಲ್ಲದ ಉಂಡಿ ಇತ್ತು. ತಮ್ಮ ಅದನ್ನು ತಿಂದು, ಅವಳ ಬಳೆ ಎಣಿಸಿ, ಅವಳ ತೊಡೆಯ ಮೇಲೆ ಹತ್ತಿ ಕೂತ. ಅವ್ವ ಆಗಷ್ಟೇ ಸೆರಗಿಗೆ ಕಾಳು ಹಾಕಿಸಿಕೊಂಡು ಸಾಲಿನಲ್ಲೇ ನಿಂತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

“ನೀಲವ್ವಾ, ಬಾ ಇಲ್ಲೆ,” ಅಂದರು ಸಾವಕಾರರು. ಮಗಳ ಮದುವೆ ಗೊತ್ತು ಮಾಡಿದವರಂತೆ ಸಂತೋಷವಾಗಿದ್ದರು. “ನಿನ್ನ ಅಕ್ಕನ ಮಗನ ದೈವ ತೆರೀತು ನೋಡು. ಬಾಗಲಕೋಟ್ಯಾಗ ಮಹಡಿ ಮನಿ ಅದಾವು ಇವರವು. ನೀನು ಹರೇದಾಕಿ. ಎಷ್ಟು ದಿನಾ ಅಂತ ಮಂದಿ ಮಕ್ಕಳ್ನ ಹೊತಗೊಂಡು ತಿರಗತಿ?”

ಅವ್ವ ಸೆರಗಿನ ಕಾಳನ್ನು ಅಲ್ಲೇ ಬಿಟ್ಟಳು. ಕಾಳು ನೆಲದ ಮೇಲೆ ಹರಡಿತು.

“ಕೊಡೂದಿಲ್ಲರಿ,” ಅಂದಳು. “ಅವ ನನ್ನ ಮಗ.”

“ಅವತ್ತ ಅಕ್ಕನ ಮಗ ಅಂದಿದ್ದಿ.”

“ಸುಳ್ಳು ಹೇಳಿದ್ದೆ. ನಾ ಹಡದೇನಿ. ಇಬ್ಬರನ್ನೂ ನಾನ ಹಡದೇನಿ.”

ಜನ ಗದ್ದಲ ಎಬ್ಬಿಸಿದರು. ಕೂಸು ಹೋದರೆ ಕಾಳು ಹೋಗುತ್ತದೆ ಅಂತ ಹೀಗೆ ಹೇಳುತ್ತಿದ್ದಾಳೆ ಅಂದರು ಕೆಲವರು. ಸಾವಕಾರರಿಗೆ ಸಿಟ್ಟಿಗಿಂತ ಕಸಿವಿಸಿಯಾಗಿತ್ತು. ದೂರದಿಂದ ಬಂದವರ ಮುಂದೆ ಮಾತು ಬಿದ್ದಿತ್ತಲ್ಲ. “ಯಾವದು ಖರೆ ಅಂತ ನಂಬಬೇಕು ನಾವು? ಕೂಸನ್ನ ಕೇಳೂಣು. ಕೂಸು ಸುಳ್ಳು ಹೇಳೂದಿಲ್ಲ,” ಅಂದರು. ಬಾಗಿ ಈರಣ್ಣನ ಗಲ್ಲ ಹಿಡಿದು ಅವ್ವನ ಕಡೆ ತಿರುಗಿಸಿದರು. “ಇಕಿ ನಿನಗ ಏನಾಗಬೇಕಪ್ಪಾ?”

ತಮ್ಮ ಅವ್ವನನ್ನು ನೋಡಿ ನಕ್ಕ. ಬೆಲ್ಲ ಹತ್ತಿದ ಬಾಯಲ್ಲಿ, “ಚಿಗವ್ವ,” ಅಂದ. ಎಂದಿನಂತೆ ಮುದ್ದಿಗೆ ಕಾದ.

ಅವ್ವ ಎರಡೂ ಕೈ ಬಾಯಿಗೆ ಹಿಡಿದುಕೊಂಡಳು. ಅವಳ ಗಂಟಲಿನಿಂದ ಬಂದ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ನಾನು ಓಡಿಹೋಗಿ ಅವಳ ಸೊಂಟ ತಬ್ಬಿಕೊಂಡು, “ಅವ್ವ ಆಗಬೇಕು, ಇಕಿ ನಮ್ಮವ್ವ,” ಅಂತ ಕೂಗಿದೆ. ಯಾರೋ, “ಆ ಹುಡಿಗಿಗೆ ಕಲಿಸ್ಯಾಳ, ದೊಡ್ಡದೈತಿ,” ಅಂದರು. ನಾವು ಸುಳ್ಳು ಹೇಳಿದಾಗ ನಂಬಿದವರು, ನಿಜ ಹೇಳಿದಾಗ ನಂಬಲಿಲ್ಲ. ಮನುಷ್ಯರು ಹೀಗೂ ಇರುತ್ತಾರೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಗ ಖಾಜಾಸಾಬರು ಎದ್ದು ನಿಂತರು.

“ಆಕಿ ಹೇಳೂದು ಖರೆ ಐತ್ರಿ ಸಾವಕಾರ್ರ. ಆಕಿ ಗಂಡನ್ನ ನಾನ ಎತ್ತಿಸಿದೆ. ಮಕ್ಕಳು ಆಕೀವು. ವರ್ಷದ ಮ್ಯಾಲಾತು, ನನ್ನ ಮಗ್ಗಲ ಮನ್ಯಾಗ ಇದ್ದವರು.”

“ಮತ್ತ ಅವತ್ತ ಇಲ್ಲೇ ಕುಂತಿದ್ದಿ ನೀನು.”

“ಕುಂತಿದ್ದೆ.”

“ಗೊತ್ತಿದ್ದೂ ಸುಮ್ಮನಿದ್ದೆಲ್ಲಾ, ಯಾಕ?”

“ಕಾಳು ಬರಲಿ ಅಂತ,” ಅಂದರು ಖಾಜಾಸಾಬರು.

ಪಂಚರಲ್ಲಿ ಒಬ್ಬರು ಕೂತಲ್ಲಿಂದಲೇ, “ಹಂಗಾರ ನಿಮ್ಮವರ ಮಕ್ಕಳಿಗೂ ಹಿಂಗ ಎಷ್ಟು ಕೊಡಿಸಿರಬೇಕು?” ಅಂದರು. ಖಾಜಾಸಾಬರ ಮಂದಿ ಹಿಂದೆಯೇ ನಿಂತಿದ್ದರು, ಅವರ ಮಕ್ಕಳ ಕಾಳೂ ಈಗ ಆ ಒಂದು ಮಾತಿನ ಮೇಲೆ ನಿಂತಿತ್ತು. ಅವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೇಳಿದರು. “ನನ್ನ ಪಂಚರಾಗಿಂದ ತೆಗೀರಿ. ನಮ್ಮವರನ್ನ ಮನಿ ಮನಿಗೆ ಹೋಗಿ ಕೇಳ್ರಿ. ಕೂಸನ್ನ ಮಾತ್ರ ಆಕಿ ಕೈಗೆ ಕೊಡ್ರಿ.”

ಅವರು ಪಂಚರ ಜಮಖಾನೆಯಿಂದ ಕೆಳಗಿಳಿದು, ಜೋಳಕ್ಕೆ ಬಂದವರ ಸಾಲಿನ ಪಕ್ಕ ಹೋಗಿ ನಿಂತರು.

ಈ ಮಾತುಗಳ ನಡುವೆ ತಮ್ಮ ಬಾಗಲಕೋಟೆಯ ಹೆಂಗಸಿನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಅವಳು ಅವನ ತಲೆಯ ಕೆಳಗೆ ಕೈಯಿಟ್ಟುಕೊಂಡು ಕೂತಿದ್ದಳು. ಗಂಡ ಏನೋ ಹೇಳಲು ಬಂದ. ಅವಳು ಅವನ ಕಡೆ ನೋಡದೆ ಎದ್ದು, ಕೂಸನ್ನು ಹಾಗೆಯೇ ತಂದು ಅವ್ವನ ತೋಳಿಗೆ ಇಳಿಸಿದಳು.

“ಎಬ್ಬಸಬ್ಯಾಡವಾ. ಈಗಷ್ಟ ಕಣ್ಣು ಮುಚ್ಯಾನ,” ಅಂದಳು. ತೋಳು ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಮಡಚಿಕೊಂಡಿದ್ದಳು. ಆಮೇಲೆ ಹೋಗಿ ಬಂಡಿಯಲ್ಲಿ ಬೆನ್ನು ತಿರುಗಿಸಿ ಕೂತಳು.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಪಂಚರು ಅವ್ವನ ಕಾಳು ನಿಲ್ಲಿಸುವ ಮಾತಿಗೆ ಹೊರಳಿದರು. ಸಾಲಿನಲ್ಲಿದ್ದ ಒಬ್ಬಳು ತನ್ನ ಎರಡು ಮಕ್ಕಳನ್ನು ಬೆನ್ನ ಹಿಂದೆ ತಳ್ಳಿಕೊಂಡು, “ನನ್ನವನ್ನೂ ಕೊಡೂದಿಲ್ಲರಿ. ನಾ ಇವಕ್ಕ ದೊಡ್ಡವ್ವ ಅಲ್ಲ,” ಅಂದಳು. ಅವಳಿಗೆ ಧೈರ್ಯ ಬಂದಿರಲಿಲ್ಲ, ಹೆದರಿಕೆ ಬಂದಿತ್ತು. ಮುಂದಿನ ಬಂಡಿ ಯಾರ ಕೂಸಿಗೆ ಬರುತ್ತದೋ ಅಂತ. ಅವಳ ಹಿಂದಿನವಳು ತಾನೂ ಚಿಗವ್ವ ಅಲ್ಲ ಅಂದಳು. ಅವಳ ಹಿಂದಿನವಳೂ ಅಷ್ಟೇ. ನರೆತ ಮುದುಕಿ ಒಬ್ಬಳು ಮಾತ್ರ, “ನಾ ಖರೇನ ಅಜ್ಜಿರಿ,” ಅಂತ ಅಳಲು ಶುರುಮಾಡಿದಳು. ಆ ಸಾಲಿನ ಅರ್ಧದಷ್ಟು ಹೆಂಗಸರು, ತಿಂಗಳುಗಟ್ಟಲೆ, ತಮ್ಮ ಹೊಟ್ಟೆಯ ಮಕ್ಕಳಿಂದ ಬೇರೆ ಹೆಸರಿನಿಂದ ಕರೆಸಿಕೊಂಡಿದ್ದರು. ನಾನು ಜೊತೆಗೆ ಆಡಿದ ಮಕ್ಕಳು ಅವರು. ನಾವು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಸಾವಕಾರರು ಮುಖ ಮುಖ ನೋಡುತ್ತ ನಿಂತರು. ಕಡೆಗೆ ಸಾಲಿನಿಂದ ಆಚೆ, ಒಂಟಿಯಾಗಿ ಕೂತಿದ್ದ ಹನಮವ್ವ ಎದ್ದು ಬಂದಳು. ಕೈಗೂಸು ಬಗಲಲ್ಲಿತ್ತು. ಅವಳ ದನಿಯಲ್ಲಿ ಜಗಳ ಇರಲಿಲ್ಲ.

“ಸಾವಕಾರ್ರ, ನನ್ನ ಮಗಳನ್ನ ಬಾದಾಮ್ಯಾಗ ಯಾರ ಮನಿಗೆ ಕಳಿಸೀರಿ?”

ಸಾವಕಾರರಿಗೆ ತಿಳಿಯಲು ಹೊತ್ತು ಹಿಡಿಯಿತು. “ಅಣ್ಣನ ಮಗಳು ಅಂದಿದ್ದೆಲ್ಲವಾ.”

“ಅಂದಿದ್ದೆರಿ. ಹೊಟ್ಟಿ ಮಗಳು ಅಂದಿದ್ದರ ಇದರ ಕಾಳು ನಿಲ್ಲತಿತ್ತು.” ಕೈಗೂಸನ್ನು ತೋರಿಸಿದಳು. “ಯಾರ ಮನಿಗೆ ಕಳಿಸೀರಿ, ಅಷ್ಟು ಹೇಳ್ರಿ. ನಾ ನಡಕೊಂತ ಹೋಗತೇನಿ.”

ಆ ದೊಡ್ಡ ಮನುಷ್ಯರು ಜಮಖಾನೆಯ ಮೇಲೆ ಅಲ್ಲ, ಅದರ ಅಂಚಿನ ಮಣ್ಣಿನಲ್ಲಿ ಕುಸಿದು ಕೂತರು. ಸುಳ್ಳು ಹೇಳಿದವರೆಲ್ಲರ ಕಾಳು ನಿಲ್ಲಿಸಬೇಕು ಅಂತ ಪಂಚರೊಬ್ಬರು ಮೆಲ್ಲಗೆ ಶುರುಮಾಡಿದರು. ಸಾವಕಾರರು ಆಳನ್ನು ಕೂಗಿದರು.

“ಬಂಡಿ ಕಟ್ಟು. ಬಾದಾಮಿಗೆ.” ಆಮೇಲೆ ಕಾಳು ಅಳೆಯುವವನ ಕಡೆ ತಿರುಗಿ, “ನೀ ಅಳಿ,” ಅಂದರು.

“ಯಾರಿಗೆ ಅಳೀಲಿ ರೀ?”

“ಯಾರ ಕೂಡ ಕೂಸು ಬಂದಾವೋ, ಅವರಿಗೆ.”

ಹನಮವ್ವನನ್ನು ಬಂಡಿಯಲ್ಲಿ ಕೂರಿಸಿಕೊಂಡು ಅವರೇ ಹೊರಟರು. ಅವರು ಇಲ್ಲದಾಗ ಇಲ್ಲಿ ವಾದ ನಿಲ್ಲಲಿಲ್ಲ. ಹೀಗೆ ಎಲ್ಲರಿಗೂ ಕೊಡುವುದಾದರೆ ನಮ್ಮ ಚೀಲ ನಮಗಿರಲಿ ಅಂತ ಇಬ್ಬರು ವ್ಯಾಪಾರಿಗಳು ತಮ್ಮ ಪಾಲು ಹಿಂತೆಗೆದುಕೊಂಡರು. ಎಲ್ಲರ ಪಾಲೂ ಅರ್ಧಕ್ಕೆ ಇಳಿಯಿತು. ಸುಳ್ಳು ಹೇಳಿದ ಹೆಂಗಸರು ಅಂತ ನಮ್ಮ ಅವ್ವಂದಿರನ್ನು ಬೆರಳು ಮಾಡಿ ತೋರಿಸುವುದು ಊರಿಗೆ ತಿರುಗಿ ಹೋದ ಮೇಲೂ ಇತ್ತು. ಖಾಜಾಸಾಬರ ಅಂಗಳಕ್ಕೆ ಕೆಲವರು ಎಷ್ಟೋ ತಿಂಗಳು ರೇಷ್ಮೆ ಕಳಿಸಲಿಲ್ಲ. ಕಳಿಸಿದವರ ಲಡಿಗಳನ್ನು ಬಿಡಿಸಿ ಸುತ್ತುವ ಕೆಲಸ ಅವರು ಅವ್ವನಿಗೆ ಕೊಟ್ಟರು. ಆ ಕೆಲಸದಲ್ಲೇ ಅವಳು ನಮ್ಮನ್ನು ಬೆಳೆಸಿದಳು, ನನ್ನನ್ನು ಸಾಲೆಗೆ ಹಾಕಿದಳು. ತಮ್ಮನ ನಾಲಗೆ ಮಾತ್ರ ತಿರುಗಲಿಲ್ಲ. ಅವ್ವ ಅನ್ನು ಅಂತ ನಾನು ಬಡಿದೂ ನೋಡಿದೆ. ಅವ್ವನೇ ಬಿಡಿಸಿದಳು. “ಇರಲಿ ಬಿಡು. ಅದರಾಗೂ ನಾನ ಅದೇನಿ,” ಅಂದಳು. ಮೂರು ಮಕ್ಕಳ ತಂದೆಯಾದ ಮೇಲೂ ಅವನು ಅವಳನ್ನು ಚಿಗವ್ವ ಅಂತಲೇ ಕರೆದ. ಹೊಸದಾಗಿ ಬಂದ ಸೊಸೆ ಬಹಳ ದಿನ ಅವಳನ್ನು ಮಲತಾಯಿ ಅಂದುಕೊಂಡಿದ್ದಳಂತೆ.

ಬಾದಾಮಿಗೆ ಹೋದ ಬಂಡಿ ಬೇಗ ಬರಲಿಲ್ಲ. ಕರೆದೊಯ್ದವರು ಕೂಸನ್ನು ತಿರುಗಿ ಕೊಡುವುದು ಸುಲಭವಲ್ಲ, ಅಲ್ಲಿಯೂ ಒಬ್ಬಳು ಅವಳನ್ನು ಎದೆಗೆ ಹಚ್ಚಿಕೊಂಡಿದ್ದಳು ಅಂತ ಆಮೇಲೆ ತಿಳಿಯಿತು. ನಾವು ಮಕ್ಕಳು ದಿನಾ ಹಳ್ಳದ ದಂಡೆಗೆ ಹೋಗಿ ದಾರಿ ನೋಡುತ್ತಿದ್ದೆವು. ಒಂದು ಮಧ್ಯಾಹ್ನ ಧೂಳೆದ್ದಿತು. ಎಲ್ಲ ಜೋಪಡಿಗಳಿಂದ ಹೆಂಗಸರು ಹೊರಗೆ ಬಂದು ನಿಂತರು. ಅವ್ವ ಈರಣ್ಣನ ಕೈ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ನಿಂತಳು.

ಮೊದಲು ಸಾವಕಾರರು ಇಳಿದರು. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಆಮೇಲೆ ಕೈಗೂಸನ್ನು ಬಗಲಲ್ಲಿ ಎತ್ತಿಕೊಂಡು ಹನಮವ್ವ ಇಳಿದಳು. ಕೊನೆಗೆ ಕಾಶಿ. ಮೈ ತುಂಬಿಕೊಂಡಿದ್ದಳು. ತಲೆಗೆ ಎಣ್ಣೆ ಹಚ್ಚಿ, ನಮ್ಮಲ್ಲಿ ಹಾಕದ ರೀತಿಯಲ್ಲಿ ಜಡೆ ಹಾಕಿದ್ದರು. ಅವಳು ಕೆಳಗಿಳಿದು ನೊಗದ ಪಕ್ಕದಲ್ಲೇ ನಿಂತುಬಿಟ್ಟಳು. ನಾನು ಕೂಗಿದರೂ ಬರಲಿಲ್ಲ. ಹನಮವ್ವ ಎರಡು ಹೆಜ್ಜೆ ದೂರ ನಿಂತಿದ್ದಳು, ಕೈ ಚಾಚಿರಲಿಲ್ಲ.

ಕಾಶಿ ಹನಮವ್ವನನ್ನು ನೋಡಿದಳು. ಆಮೇಲೆ ಕತ್ತೆತ್ತಿ ಸಾವಕಾರರ ಮುಖ ನೋಡಿ ಕೇಳಿದಳು.

“ಯಜ್ಜಾ, ಈಗ ಇಕಿಗೆ ಏನನ್ಲಿ? ಅತ್ತಿ ಅನ್ಲೋ, ಅವ್ವ ಅನ್ಲೋ?”

ಅವಳು ತಂಟೆಗೆ ಕೇಳಿದ್ದಲ್ಲ. ಅಪ್ಪಣೆ ಕೊಡುವವರು ಯಾರು ಅಂತ ಆ ಹಂಗಾಮಿನಲ್ಲಿ ಅವಳು ಕಲಿತದ್ದೇ ಹಾಗೆ. ಸಾವಕಾರರು ಹೆಗಲ ಮೇಲಿನ ಶಲ್ಯವನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡು ಅತ್ತ ತಿರುಗಿದರು.

ಹನಮವ್ವ ಮುಂದೆ ಬಂದು ಮಗಳ ಎದುರು ನೆಲಕ್ಕೆ ಮೊಣಕಾಲೂರಿದಳು.

“ಅವರನ್ನ ಕೇಳಬ್ಯಾಡ,” ಅಂದಳು. “ಅವ್ವ ಅನ್ನು. ಎಲ್ಲಾರಿಗೂ ಕೇಳೂ ಹಂಗ ಅನ್ನು.”